ಹರಕೆ ಅಲ್ಲದ ಓಟ

2024 ಅಕ್ಟೋಬರ್ 6, ಭಾನುವಾರ

ಪುಸ್ತಕದ ಮೊದಲ ಪುಟದಲ್ಲಿ ಹೆಸರು ಬರೆಯಬೇಕೆಂದು ನಮ್ಮ ಶಾಲೆಯ ಮಾಸ್ತರರು ಹೇಳಿಕೊಟ್ಟಿದ್ದರು. ಜಲಜ, ನಾವುಂದ. ವಯಸ್ಸು ಎಪ್ಪತ್ತೊಂದು. ಓದಿದ್ದು ನಾಲ್ಕನೇ ಕ್ಲಾಸು. ಮಾರಿದ್ದು ಮೀನು.

ಪುಸ್ತಕ ಕೊಟ್ಟವಳು ಮೊಮ್ಮಗಳು ನಿಶ್ಮಿತಾ. ಇಪ್ಪತ್ತೇಳು ವರ್ಷ, ಕುಂದಾಪುರದ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ನೋಡುವ ಕೆಲಸ. "ನಾ ಹೊರ್ಡು ಹೊತ್ತ್, ಬಪ್ಪು ಹೊತ್ತ್ ಬರ್ದಿಡ್ ಅಜ್ಜಿ. ಹೈವೇಯಗೆ ಎಂತಾರೂ ಆರೆ ಎಲ್ಲಿ ಹುಡ್ಕುದ್ ಅಂದಾರೂ ಗೊತ್ತಾತ್ತ್" ಎಂದಳು. ಬೆಳಿಗ್ಗೆ ಬೆಳಿಗ್ಗೆ ಒಳ್ಳೆಯ ಮಾತು.

ಬರುವ ಫೆಬ್ರವರಿಯಲ್ಲಿ ರತ್ನಾಗಿರಿ ಕಡೆ ಒಂದು ಪಂದ್ಯ ಇದೆ. ಒಂದೇ ದಿನ, ಒಂದರ ಬೆನ್ನಿಗೊಂದು: ಕಡಲಿನಲ್ಲಿ ಎರಡು ಕಿಲೋಮೀಟರಿಗೆ ಚೂರು ಕಡಿಮೆ ಈಜು, ತೊಂಬತ್ತು ಕಿಲೋಮೀಟರ್ ಸೈಕಲ್, ಇಪ್ಪತ್ತೊಂದು ಕಿಲೋಮೀಟರ್ ಓಟ. ಎಂಟೂವರೆ ಗಂಟೆಯೊಳಗೆ ಮುಗಿಯಬೇಕು. ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ಟ್ರಯತ್ಲಾನ್ ಎಂದು. ನನ್ನ ಹಲ್ಲಿಲ್ಲದ ಬಾಯಲ್ಲಿ ಅದು ನಿಲ್ಲುವುದಿಲ್ಲ. ನಾನು ಮೂರಾಟ ಎಂದೇ ಬರೆಯುವುದು.

ಕಳೆದ ಫೆಬ್ರವರಿಯಲ್ಲೂ ಹೋಗಿದ್ದಳು. ಈಜಿಗೆ ಒಂದು ಗಂಟೆ ಹತ್ತು ನಿಮಿಷದ ಗಡುವು. ದಡಕ್ಕೆ ಇನ್ನೂ ನಾನೂರು ಮೀಟರ್ ಇರುವಾಗ ಗಡುವು ಮುಗಿದು, ರಬ್ಬರ್ ದೋಣಿಯವರು ಎತ್ತಿ ಹಾಕಿಕೊಂಡು ಬಂದರು. ಸೈಕಲ್ ಮುಟ್ಟುವುದಕ್ಕೂ ಬಿಡಲಿಲ್ಲ. ಕಡಲಲ್ಲಿ ದುಡಿದು ತಿನ್ನುವ ಮನೆಯ ಹುಡುಗಿಯನ್ನು ನೀರಿನಿಂದ ಎತ್ತಿ ತಂದರು! ಆದರೆ ಅವಳನ್ನು ಬೈದು ಏನು? ನಮ್ಮಲ್ಲಿ ಹೆಂಗಸರು ಕಡಲಿಗಿಳಿಯುವುದಿಲ್ಲ, ದೋಣಿಗೂ ಕಾಲಿಡುವುದಿಲ್ಲ. ಹುಡುಗಿ ಈಜು ಕಲಿತದ್ದು ಬ್ರಹ್ಮಾವರದ ಕಡೆಯ ಸಿಮೆಂಟಿನ ಕೊಳದಲ್ಲಿ. ನಾನೇ ಹುಟ್ಟಿದಾಗಿನಿಂದ ಈ ಕಡಲಿನ ಸದ್ದು ಕೇಳಿ ಮಲಗಿದವಳು, ಮೊಣಕಾಲಿನ ಮೇಲೆ ಅದರ ನೀರು ಬಿಟ್ಟುಕೊಂಡವಳಲ್ಲ.

ಹೊರಟದ್ದು ಐದು ಹತ್ತು. ಬಂದದ್ದು ಏಳು ಇಪ್ಪತ್ತು. ಬಿಜೂರಿಗೆ ಹೋಗಿ ಬಂದದ್ದು, ಓಡಿಕೊಂಡು. ಹುಚ್ಚು.

ಅಕ್ಟೋಬರ್ 8, ಮಂಗಳವಾರ

ಮಂಡಿನೋವು ಬಂದ ಮೇಲೆ ನಾನು ಮೀನು ಮಾರುವುದು ಬಿಟ್ಟೆ. ಆದರೂ ಪೇಟೆಯಲ್ಲಿ ಸರಸನ ಪಕ್ಕ ಹೋಗಿ ಕುಳಿತುಕೊಳ್ಳುವುದು ಬಿಟ್ಟಿಲ್ಲ. ಸರಸ ಎಂದರೆ ನಮ್ಮ ನೆರೆಮನೆಯವಳು. ನನ್ನ ಜೊತೆ ಮೂವತ್ತು ವರ್ಷ ಮೀನು ಹೊತ್ತವಳು. ಅವಳ ಬಾಯಿ ನನ್ನದಕ್ಕಿಂತ ಒಂದು ಗೇಣು ಉದ್ದ.

ಇವತ್ತು ನಾನು ಕೂರುವುದಕ್ಕೂ ಬಿಡಲಿಲ್ಲ. "ಹ್ವಾಯ್ ಜಲಜಕ್ಕ, ನಿಮ್ಮನಿ ಹೆಣ್ಣ್ ದಿನಾ ಬೆಳ್ಗಾತ ಎಲ್ಲಿಗ್ ಓಡುದ್? ಯಾರಾರೂ ಅಟ್ಟಿಸ್ಕಂಡ್ ಬತ್ರಾ?"

ಮೀನು ಮಾರುವವರ ಸಾಲಿಗೆ ಸಾಲೇ ನಕ್ಕಿತು. ಆಚೆಯವಳು, "ಎಂತಾರೂ ಸೀಕಾ? ಡಾಕ್ಟ್ರ್ ಹೇಳಿರಾ?" ಎಂದಳು. ಈಚೆಯವಳು, "ಚಡ್ಡಿ ಹಾಯ್ಕಂಡ್ ಓಡುದ್ ಕಂಡ್ರೆ ನಾಳಿಗ್ ಗಂಡಿನ್ ಬದಿಯರ್ ಯಾರ್ ಬತ್ರ್?" ಎಂದಳು.

ಬೇರೆ ದಿನವಾದರೆ ಒಬ್ಬೊಬ್ಬಳಿಗೂ ನಾಲ್ಕು ನಾಲ್ಕು ಮಾತು ಹಂಚುತ್ತಿದ್ದೆ. ಇವತ್ತು ಸರಸನ ಬುಟ್ಟಿಯ ಮೀನು ಎಣಿಸತೊಡಗಿದೆ. ಯಾಕೆಂದರೆ ಅದೇ ಪ್ರಶ್ನೆ ನನ್ನ ಹೊಟ್ಟೆಯಲ್ಲೂ ಇತ್ತು. ನಾನು ಕೇಳಿದಾಗ ಹುಡುಗಿ ಹೇಳಿದ್ದು ಒಂದೇ ಮಾತು, "ನಂಗ್ ಬೇಕ್ ಅಜ್ಜಿ." ಅದನ್ನು ಇವರ ಮುಂದೆ ಹೇಳಿದರೆ ಸಾಯಂಕಾಲದವರೆಗೆ ನಗುತ್ತಿದ್ದರು. ನಾಲಗೆ ತಾನೇ ದಾರಿ ಹುಡುಕಿತು.

"ಅದ್ ಹರಕೆ ಕಾಣ್. ಬಾಯ್ ಮುಚ್ಚ್."

ಸರಸ ಕೈಯನ್ನು ಸೆರಗಿಗೆ ಒರೆಸಿ ಕಣ್ಣಿಗೊತ್ತಿಕೊಂಡಳು. "ಯಾವ ದೇವ್ರಿಗೆ?"

"ಹೆಸ್ರ್ ಹೇಳುಕಾಗ, ಹೆಣ್ಣಿನ್ ಹತ್ರ ಕೇಂಬುಕೂ ಆಗ. ಹೇಳ್ರೆ ಹರಕೆ ಬಿದ್ ಹೋತ್ತ್."

ಆ ನಿಯಮವನ್ನು ನಾನು ಅಲ್ಲಿಯೇ ಹೆತ್ತದ್ದು. ಮಂಡಿಗೆ ತುಕ್ಕು ಹಿಡಿದಿರಬಹುದು, ನಾಲಗೆಗೆ ಹಿಡಿದಿಲ್ಲ.

ಅಕ್ಟೋಬರ್ 23, ಬುಧವಾರ

ಹರಕೆಯ ಗುಣ ನೋಡಬೇಕು. ಗ್ಯಾರೇಜಿನ ಕಚ್ಚುವ ನಾಯಿಯನ್ನು ಬೆಳಿಗ್ಗೆ ಐದರಿಂದ ಕಟ್ಟಿ ಹಾಕುತ್ತಾರೆ. ಹೋಟೆಲಿನ ಸುಜಿತ್ ಓಡುವವಳನ್ನು ನಿಲ್ಲಿಸಿ ಎಳನೀರು ಕುಡಿಸುತ್ತಾನೆ. ಸೀಟಿ ಹಾಕುತ್ತಿದ್ದವರು ಈಗ ದಾರಿ ಬಿಟ್ಟು ನಿಲ್ಲುತ್ತಾರಂತೆ. ಸೊಸೆ ಪದ್ದು, ಹುಡುಗಿಯ ತಾಯಿ, ತಿಂಗಳಿಗೊಂದು ಜಾತಕ ತರಿಸುತ್ತಿದ್ದವಳು, ನಿನ್ನೆ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು. "ಹರಕೆ ಅಂದ್ ನಂಗ್ ಮುಂಚೆಯೇ ಹೇಳುಕಾಗ್ದಾ ಅತ್ತೆ? ಅದನ್ನ್ ಎಷ್ಟ್ ಬೈದೆ ನಾನ್." ಹುಡುಗಿಯ ಮುಂದೆ ಆ ಮಾತು ಎತ್ತಬೇಡ, ಎತ್ತಿದರೆ ಬೀಳುತ್ತದೆ ಎಂದು ಅವಳಿಗೂ ಹೇಳಿದೆ. ಮಗ ಮಂಜ ಮಲ್ಪೆಯ ಬೋಟಿನಲ್ಲಿ ದುಡಿಯುವವನು, ತಿಂಗಳಿಗೊಮ್ಮೆ ಮನೆಗೆ ಬರುವುದು. ಅವನಿಗೂ ಬೋಟಿನಲ್ಲೇ ಸುದ್ದಿ ಮುಟ್ಟಿದೆ.

ಹುಡುಗಿಗೆ ಮಾತ್ರ ಏನೂ ಗೊತ್ತಿಲ್ಲ. "ಊರ್ ಜನ ಇತ್ಲಾಗೆ ಭಾರೀ ಒಳ್ಳೇರ್ ಆಯಿರ್ ಅಜ್ಜಿ" ಎಂದಳು.

"ನಿನ್ ಕಾಲ್ಗುಣ" ಎಂದೆ.

ಹೊರಟದ್ದು ನಾಲ್ಕು ಐವತ್ತು. ಬಂದದ್ದು ಏಳು. ಗಂಜಿ ಮೂರು ಸೌಟು, ಸಿಗಡಿ ಚಟ್ನಿ. ಮತ್ತೆ ಒಂದು ಸೌಟು ಕೇಳಿದಳು.

ನವೆಂಬರ್ 10, ಭಾನುವಾರ

ಬಚ್ಚ ನಿನ್ನೆ ತಾನಾಗಿಯೇ ಮನೆಗೆ ಬಂದ. ಸಣ್ಣ ಇಂಜಿನ್ ದೋಣಿಯವನು, ಐವತ್ತು ದಾಟಿದವನು. ಈ ದಡದಲ್ಲಿ ಕಡಲು ಗೊತ್ತಿರುವವರು ಯಾರು ಎಂದರೆ ಅವನನ್ನೇ ತೋರಿಸಬೇಕು. "ಹರಕೆಯಗೆ ಕಡ್ಲ್ ಈಜುದೂ ಇತ್ತಂಬ್ರಲೆ ಜಲಜಕ್ಕ. ಆಯ್ತವಾರ ಬೆಳ್ಗಾತ ನನ್ ದೋಣಿ ಇರ್ತ್. ದೇವ್ರ್ ಕೆಲ್ಸ, ಇಲ್ಲ ಅಂಬುಕಾಗ."

ದೋಣಿ ಸಿಗದೆ ಹುಡುಗಿ ಎರಡು ತಿಂಗಳಿಂದ ಕೊರಗುತ್ತಿದ್ದಳು. ಒಬ್ಬಳೇ ಇಳಿಯುವಂತಿಲ್ಲ, ಸೆಳೆತ ಇರುವ ದಡ ಇದು.

ಇವತ್ತು ಆರು ಗಂಟೆಗೆ ಇಳಿದಳು. ಗಾಳಿ ಗುಡ್ಡೆಯ ಕಡೆಯಿಂದ, ನೀರು ಮಡಚಿಟ್ಟ ಸೀರೆಯ ಹಾಗೆ. ಆದರೂ ಐವತ್ತು ಮಾರು ಹೋಗಿ ವಾಪಸ್. ಮುಖ ಬಿಳಿಚಿತ್ತು.

"ಅಡಿ ಕಾಣುದಿಲ್ಲ. ಕೊಳದಗೆ ಅಡಿಯಂಗೆ ಒಂದ್ ಕಪ್ಪ್ ಗೆರೆ ಇರ್ತ್, ಅದನ್ನ್ ಕಂಡ್ಕಂಡ್ ಹೋಪುದ್. ಇಲ್ಲಿ ಗೆರೆಯೇ ಇಲ್ಲ. ಹೋದ್ ವರ್ಷವೂ ಇದೇ ಆದ್ದ್. ಸೊಟ್ಟ ಹೋಯಿ ಹೋಯಿ ಅರ್ಧ ಕಿಲೋಮೀಟರ್ ಜಾಸ್ತಿ ಈಜಿದೆ."

ಬಚ್ಚ ದೋಣಿಯಿಂದಲೇ ಕೂಗಿದ. "ಕೆಳ್ಗೆ ಎಂತಕ್ ಕಾಂತೆ ಹೆಣ್ಣೆ? ಮೇಲ್ ಕಾಣ್. ಮರವಂತೆ ಬದಿಯಗೆ ಆ ಒಂಟಿ ತಾಳಿ ಮರ ಇತ್ತಲೆ, ಅದ್ರ್ ಹಿಂದೆ ಗುಡ್ಡಿ ತುದಿ. ಎರ್ಡೂ ಒಂದ್ರ್ ಹಿಂದೆ ಒಂದ್ ಇಪ್ಪ್ ಹಾಂಗೆ ಈಜ್. ಮರ ಗುಡ್ಡಿ ಬಿಟ್ಟ್ ಆಚೀಚೆ ಸರೀತ್ ಅಂದ್ರೆ ಸರದದ್ ಮರ ಅಲ್ಲ, ನೀನ್."

ನಮ್ಮ ಗಂಡಸರು ಬಲೆ ಹಾಕಿದ ಜಾಗವನ್ನು ಮತ್ತೆ ಹುಡುಕುವುದೇ ಹೀಗೆ. ಇದನ್ನು ಅವರು ಹೆಂಗಸರಿಗೆ ಹೇಳಿಕೊಟ್ಟದ್ದನ್ನು ನಾನು ಕೇಳಿದ್ದು ಇವತ್ತೇ.

ಎರಡನೇ ಸಲ ಇನ್ನೂರು ಮಾರು ಹೋದಳು.

ನವೆಂಬರ್ 24, ಭಾನುವಾರ

ಈಜು ಮುಗಿಸಿ ಸೈಕಲ್ ಹತ್ತಿ ಬ್ರಹ್ಮಾವರ ದಾಟಿ ಕೊಕ್ಕರ್ಣೆ ಮುಟ್ಟಿ ಬಂದಳು. ಹೋಗಿ ಬಂದು ನೂರ ಹತ್ತು ಕಿಲೋಮೀಟರ್. ಹೊರಟದ್ದು ಏಳೂವರೆ, ಬಂದದ್ದು ಹನ್ನೆರಡು ಐವತ್ತು. ಬಂದವಳು ಅಂಗಳದಲ್ಲಿ ಸೈಕಲನ್ನು ಬೀಳಲು ಬಿಟ್ಟು ತಾನೂ ಬಿದ್ದಳು. ಶಕ್ತಿಗೆಂದು ಪೊಟ್ಟಣದ ಸಿಹಿ ಪಾಕ ಕುಡಿದು ಕುಡಿದು ಹೊಟ್ಟೆ ತೊಳಸುತ್ತಿತ್ತು.

ನಾನು ಗಂಜಿತಿಳಿಗೆ ಕಲ್ಲುಪ್ಪು ಹಾಕಿ ಕೊಟ್ಟೆ. ಗಟಗಟ ಕುಡಿದಳು. ಮುಂದಿನ ವಾರದಿಂದ ಸೈಕಲ್ಲಿನ ಬಾಟಲಿಗೂ ಅದೇ.

ಇನ್ನೊಂದು ಹೇಳಿದೆ. "ಕೂಕಂಬೇಡ. ದಣಿವಾರೆ ನಿತ್ಕ, ಕಂಬ ಹಿಡ್ಕ, ಆರೆ ಕೂಕಂಬೇಡ." ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಒಳಗಿನ ಊರುಗಳಿಗೆ ನಡೆಯುತ್ತಿದ್ದ ಕಾಲದಲ್ಲಿ ನಾವು ದಾರಿಯಲ್ಲಿ ಕೂರುತ್ತಿರಲಿಲ್ಲ. ಕೂತರೆ ಬುಟ್ಟಿ ಎತ್ತಿಕೊಡಲು ಇನ್ನೊಂದು ಜೀವ ಬೇಕು. ನಡುದಾರಿಯಲ್ಲಿ ಯಾರಿರುತ್ತಾರೆ?

"ದಿನಕ್ಕೆಷ್ಟ್ ನಡಿತಿದ್ದೆ ಅಜ್ಜಿ?"

ನಾನು ಊರುಗಳ ಹೆಸರು ಹೇಳಿದೆ. ಅವಳು ಫೋನಿನಲ್ಲಿ ಒತ್ತಿ ನೋಡಿ, "ಇಪ್ಪತ್ತಾರ್ ಕಿಲೋಮೀಟರ್!" ಎಂದಳು. "ದಿನಾ? ತಲಿ ಮೇಲ್ ಮೀನ್ ಇಟ್ಕಂಡಾ?"

"ಮತ್ತೆ ಮೀನ್ ತಾನೇ ನಡ್ಕಂಡ್ ಬತ್ತಾ?"

ನನ್ನನ್ನೇ ನೋಡುತ್ತ ಕುಳಿತಳು. ನನಗೆ ಅದು ಲೆಕ್ಕಕ್ಕೆ ಬರುವ ಸಂಗತಿ ಎಂದೇ ಗೊತ್ತಿರಲಿಲ್ಲ.

ಡಿಸೆಂಬರ್ 8, ಭಾನುವಾರ

ಒಂದೂವರೆ ಕಿಲೋಮೀಟರ್! ಐವತ್ತೆರಡು ನಿಮಿಷ! ಮರ, ಗುಡ್ಡೆ, ಒಂದೇ ಗೆರೆ. ಪೇಟೆಗೆ ಹೋಗಿ ಹೇಳದೆ ಇರಲಾಗಲಿಲ್ಲ.

"ದೇವ್ರ್ ಮಾಡ್ಸುದ್" ಎಂದಳು ಸರಸ, ಬಂಗುಡೆಯ ಮೇಲೆ ನೀರು ಚಿಮುಕಿಸುತ್ತ.

ಯಾಕೋ ಚುಚ್ಚಿತು. ದೇವರು ನಾಲ್ಕೂವರೆಗೆ ಎದ್ದು ಬೂಟು ಕಟ್ಟಿಕೊಂಡದ್ದನ್ನು ನಾನಂತೂ ಕಂಡಿಲ್ಲ. ಆದರೆ ಹಾಗೆ ಹೇಳುವಂತಿಲ್ಲವಲ್ಲ. ಹರಕೆ ಎಂದವಳು ನಾನೇ.

ಡಿಸೆಂಬರ್ 17, ಮಂಗಳವಾರ

ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ನಾನು ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದೆ.

"ಅಜ್ಜಿ, ಹರಕೆ ಹೊತ್ತದ್ ಯಾರ್?"

"ಯಾವ ಹರಕೆ?"

"ಕೊಕ್ಕರ್ಣೆಯಿಂದ ಒಬ್ರ್ ಅಮ್ಮ ಕಣ್ಣ್ ತೋರ್ಸುಕ್ ಬಂದಿದ್ರ್. ನನ್ನ್ ಕಂಡದ್ದೇ ಕುರ್ಚಿಯಿಂದ ಎದ್ ಕಾಲ್ ಮುಟ್ಟುಕ್ ಬಂದ್ರ್. ನಾವುಂದದ್ ಹರಕೆ ಹೆಣ್ಣ್ ನೀವೇ ಅಲ್ದಾ, ಸೈಕಲ್ಲಗೆ ಬಪ್ಪುದ್ ಕಂಡಿದೆ, ನನ್ ಕಣ್ಣಿಗೂ ನಿಮ್ ದೇವ್ರ್ ಹತ್ರ ಒಂದ್ ಮಾತ್ ಹೇಳಿ ಅಂದ್ರ್. ಎರ್ಡ್ ಕಣ್ಣಗೂ ಪೊರೆ. ಆಪರೇಷನ್ ಮಾಡ್ಸಿ ಅಂದ್ರೆ, ಬ್ಯಾಡ, ನೀವ್ ಹೇಳ್ರೆ ಸಾಕ್ ಅಂದೇಳಿ ಎದ್ ಹೋದ್ರ್."

ನಾನು ಕತ್ತಿಯಿಂದ ಕೈ ತೆಗೆಯಲಿಲ್ಲ. "ಜನ್ರ್ ಬಾಯಿ ಮುಚ್ಸುಕ್ ಹೇಳದ್ ಹೆಣ್ಣೆ. ನಿನ್ ಒಳ್ಳೇದಕ್ಕೇ."

"ನಾಲ್ಕೂವರಿಗ್ ಏಳುದ್ ನಾನ್. ಉಗುರ್ ಕಪ್ಪಾದ್ದ್ ನಂದ್. ಹೋದ್ ವರ್ಷ ನೀರಿಂದ ಎತ್ತಿ ಹಾಕದ್ ನನ್ನ. ಈ ವರ್ಷ ಮುಗ್ಸಿರೆ ಮಾತ್ರ ಮುಗ್ಸದ್ ದೇವ್ರಾ? ನಂಗೆಂತ ಉಳಿತ್ ಅಜ್ಜಿ?" ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ನಾಳೆ ಹೋಯಿ ಸತ್ಯ ಹೇಳ್."

"ಹೇಳ್ರೆ ಬಚ್ಚನ್ ದೋಣಿ ಬತ್ತಿಲ್ಲ. ದೋಣಿ ಇಲ್ದೆ ಕಡ್ಲಿಗ್ ಇಳುಕಾಗ. ಕಡ್ಲಗೆ ಈಜ್ದೇ ಹೋರೆ ಈ ಸಲವೂ ಎತ್ತಿ ತತ್ರ್."

"ತರ್ಲಿ."

ಡಿಸೆಂಬರ್ 18, ಬುಧವಾರ

ಹೊರಟ ಹೊತ್ತು ಹೇಳಲಿಲ್ಲ. ಬಂದ ಹೊತ್ತು ನಾನೇ ನೋಡಿದೆ. ಆರು ಐವತ್ತು.

ಡಿಸೆಂಬರ್ 20, ಶುಕ್ರವಾರ

ನಾನು ತುಂಬಿಸಿಟ್ಟ ಗಂಜಿತಿಳಿಯ ಬಾಟಲಿ ಅಲ್ಲೇ ಇತ್ತು.

ಡಿಸೆಂಬರ್ 22, ಭಾನುವಾರ

ದೋಣಿ ಬಂತು. ಹುಡುಗಿ ಹೋಗಲಿಲ್ಲ. ಬಚ್ಚ ಅರ್ಧ ಗಂಟೆ ಕಾದ. "ಮುಟ್ಟಾ?" ಎಂದು ಮುಖ ತಿರುಗಿಸಿಕೊಂಡು ಕೇಳಿದ. ಹೌದು ಎಂದೆ. ಇನ್ನೊಂದು ಸುಳ್ಳು.

ಡಿಸೆಂಬರ್ 29, ಭಾನುವಾರ

ಇವತ್ತೂ ಹೋಗಲಿಲ್ಲ. ಪಂದ್ಯಕ್ಕೆ ಇನ್ನು ಆರು ವಾರ. ನಾನೇ ಮಾತಿಗೆ ಹೋದೆ.

"ನನ್ ಮೇಲಿನ್ ಶಿಟ್ಟಿಗ್ ನಿನ್ ಈಜ್ ಎಂತಕ್ ಹಾಳ್ ಮಾಡ್ಕಂತೆ?"

"ಸುಳ್ಳ್ ಹೇಳಿ ತಂದ್ ದೋಣಿ ಅದ್. ಅದ್ರ್ ಬದಿಯಗೆ ಈಜಿ ಮುಗ್ಸಿರೆ ಮುಗ್ಸದ್ ಅಂದ್ ಆತಿಲ್ಲ ಅಜ್ಜಿ."

ಈ ಹಟ ಎಲ್ಲಿಂದ ಬಂತು ಎಂದು ಪದ್ದು ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ.

2025 ಜನವರಿ 3, ಶುಕ್ರವಾರ

ಬೆಳಿಗ್ಗೆ ಮಿಂದು ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿದೆ. ಇಲ್ಲದ ಹರಕೆಯನ್ನು ದೇವರ ತಲೆಗೆ ಕಟ್ಟಿದ್ದಕ್ಕೆ. ದೇವರ ಹತ್ತಿರ ಸುಲಭ, ತಿರುಗಿ ಕೇಳುವುದಿಲ್ಲ.

ಅಲ್ಲಿಂದ ದೋಣಿ ಎಳೆದಿಡುವ ಚಪ್ಪರಕ್ಕೆ ಹೋದೆ. ಏಳೆಂಟು ಜನ ಬಲೆ ಹೆಣೆಯುತ್ತಿದ್ದರು. ಸರಸ ಮೀನಿಗೆ ಬಂದವಳು ಅಲ್ಲೇ ಕುಳಿತಿದ್ದಳು. ಒಳ್ಳೆಯದೇ ಆಯಿತು. ಅವಳಿಗೆ ಒಂದು ಸಲ ಹೇಳಿದರೆ ಊರಿಗೆ ನೂರು ಸಲ ಹೇಳುವುದು ತಪ್ಪುತ್ತದೆ.

"ಬಚ್ಚ, ಹರಕೆ ಇಲ್ಲ. ನಾ ಸುಳ್ಳ್ ಹೇಳದ್."

ಸರಸ ಎದೆ ಮುಟ್ಟಿಕೊಂಡಳು. "ಅಯ್ಯೋ, ಹರಕೆ ಬಿತ್ತಾ? ಯಾರ್ ಹತ್ರಾರೂ ಹೆಸ್ರ್ ಹೇಳ್ದ್ರಾ?"

"ಬೀಳುಕೆ ಹರಕೆ ಇದ್ರಲ್ದಾ ಮಾರಾಯ್ತಿ!"

ಬಚ್ಚ ಬಲೆಯಿಂದ ತಲೆ ಎತ್ತಿದ. "ಮತ್ತೆಂತಕ್ ಓಡುದ್ ಅದ್? ಎಂತಕ್ ಈಜುದ್?"

"ಅದ್ಕ್ ಬೇಕ್."

"ಬೇಕ್ ಅಂದ್ರೆ?"

ಅವನು ಕುಹಕಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಮೂರು ತಿಂಗಳ ಹಿಂದೆ ನನಗೂ ಹೀಗೇ ಆಗಿತ್ತಲ್ಲ.

"ಬೇಕ್ ಅಂದ್ರೆ ಬೇಕ್. ನಿಂಗ್ ಎಂತ ಬೇಕ್ ಅಂದೇಳಿ ನಂಗ್ ಯಾರೂ ಕೇಣ್ಲಿಲ್ಲ ಬಚ್ಚ. ಕೇಂಡಿದ್ರೂ ನಂಗ್ ಗೊತ್ತಿರ್ಲಿಲ್ಲ. ಇದ್ಕ್ ಗೊತ್ತಿತ್ತ್. ಅಷ್ಟೇ. ದೇವ್ರಿಗೂ ಇದ್ಕೂ ಸಂಬಂಧ ಇಲ್ಲ."

ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕಷ್ಟ. ಬಚ್ಚ ಹೆಣೆಯುವ ಕಡ್ಡಿಯನ್ನು ಕೆಳಗಿಟ್ಟು ತಾಯಿಯ ಮಾತೆತ್ತಿದ. "ಹಾಸಿಗಿ ಹಿಡದ್ ಅಬ್ಬಿ ಹತ್ರ ಪ್ರತಿ ಆಯ್ತವಾರ ದೇವ್ರ್ ಕೆಲ್ಸಕ್ ಹೋತೆ ಅಂದ್ ಹೇಳ್ ಹೋತಿದ್ದೆ ಜಲಜಕ್ಕ. ಈಗ ಎಂತ ಹೇಳುದ್ ನಾನ್?" ಎಂದು ಬೆನ್ನು ತಿರುಗಿಸಿದ.

ಮನೆಗೆ ಬಂದು ಹುಡುಗಿಗೆ ಹೇಳಿದೆ, "ಹೇಳ್ಬಂದೆ." ಅವಳು ತಲೆಯಾಡಿಸಿದಳು. ರಾತ್ರಿ ಊಟಕ್ಕೆ ಗಂಜಿ ಬಡಿಸಿಕೊಂಡಳು.

ಜನವರಿ 5, ಭಾನುವಾರ

ಆರು ಗಂಟೆಗೆ ಈಜಿನ ಟೊಪ್ಪಿ ಹಾಕಿಕೊಂಡು ದಡಕ್ಕೆ ಹೋದಳು. ದೋಣಿ ಬರುವುದಿಲ್ಲ ಎಂದೆ. "ನಂಗೂ ಗೊತ್ತಿತ್ತ್. ಬರ್ದಿರೆ ದಡದಗೇ ಓಡ್ತೆ" ಎಂದಳು. ಆರು ಕಾಲು. ಆರೂವರೆ. ದಡದ ಮರಳಿನ ಮೇಲೆ ನಾವಿಬ್ಬರೇ.

ಆಮೇಲೆ ಇಂಜಿನ್ನಿನ ಸದ್ದು ಬಂತು. ಬಚ್ಚ ನನ್ನ ಮುಖ ನೋಡಲಿಲ್ಲ.

"ಹರಕೆ ಆಯಿದ್ರೆ ದೇವ್ರ್ ಕಾಯ್ತಿತ್ತ್, ನಾ ಬೀಡಿ ಎಳ್ಕಂಡ್ ಕೂಕಂತಿದ್ದೆ. ಹರಕೆ ಅಲ್ಲ ಅಂದ್ ಮೇಲೆ ಕಣ್ಣ್ ಬಿಟ್ಕಂಡ್ ನಾವೇ ಕಾಯ್ಕಲೆ! ಒಬ್ಬನಿಗ್ ಆತಿಲ್ಲ. ಹತ್ತಿ ಜಲಜಕ್ಕ."

"ನಾನಾ? ದೋಣಿಗಾ?"

"ಸುಳ್ಳ್ ಹೇಳುಕ್ ಬತ್ತ್, ದೋಣಿ ಹತ್ತುಕ್ ಬತ್ತಿಲ್ಯಾ?"

ಸೀರೆ ಎತ್ತಿ ಕಟ್ಟಿದೆ. ಇಬ್ಬರೂ ಸೇರಿ ನನ್ನನ್ನು ಮೂಟೆಯ ಹಾಗೆ ಎತ್ತಿ ಹಾಕಿದರು. ತೆರೆ ದಾಟುವಾಗ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಡಲಿಗೆ ಕೊಟ್ಟೆ. ಬಚ್ಚ ನಕ್ಕ, ಆಗ ಮುನಿಸು ಹೋಯಿತು. ಅವನ ತಾಯಿಗೆ ಏನು ಹೇಳಿದ ಎಂದು ಕೇಳಿದೆ. "ಜಲಜಕ್ಕನ್ ಮೊಮ್ಮಗ್ಳಿಗ್ ಬೇಕಂಬ್ರ್, ಹೋತೆ ಅಂದೆ. ಹೋಯ್ ಬಾ ಅಂತ್."

ಹುಡುಗಿಯ ಕೈ ಏಳುತ್ತಿತ್ತು, ಬೀಳುತ್ತಿತ್ತು. ನಾನು ಕಣ್ಣು ತೆಗೆಯಲಿಲ್ಲ. ಒಮ್ಮೆ ಮಾತ್ರ ದಡದ ಕಡೆ ತಿರುಗಿದೆ. ಊರನ್ನು ಕಡಲಿನ ಕಡೆಯಿಂದ ನೋಡಿದ್ದು ಹುಟ್ಟಿದ ಮೇಲೆ ಇದೇ ಮೊದಲು. ತೆಂಗಿನ ಸಾಲಿನ ಕೆಳಗೆ ಒಂದು ಹಿಡಿ ಹೆಂಚು. ಅಷ್ಟೇ. ಇಷ್ಟು ಸಣ್ಣ ಊರಿನ ಬಾಯಿಗೆ ನಾನು ಹೆದರಿದ್ದೆ.

ಒಂದು ಮುಕ್ಕಾಲು ಕಿಲೋಮೀಟರ್. ಒಂದು ಗಂಟೆ ಎರಡು ನಿಮಿಷ.

ಜನವರಿ 7, ಮಂಗಳವಾರ

ಎರಡು ಬಸ್ಸು ಹಿಡಿದು ಕೊಕ್ಕರ್ಣೆಗೆ ಹೋಗಿ ಆ ಕಣ್ಣಿನ ಹೆಂಗಸನ್ನು ಹುಡುಕಿದೆ. ಹೇಳಿದೆ. "ನಿಮ್ ಬಾಯಗೆ ಹುಳ ಬೀಳ" ಎಂದಳು. ಬೀಳಲಿ, ನೀನು ಆಪರೇಷನ್ ಮಾಡಿಸಿಕೋ ಎಂದೆ. ಅವಳ ಮಗ ದಿನ ಗೊತ್ತು ಮಾಡಿದ. ಹೊರಡುವಾಗ ಚಹಾ ಕೊಟ್ಟಳು, ಸಕ್ಕರೆ ಹಾಕದೆ.

ಜನವರಿ 26, ಭಾನುವಾರ

ಎಳನೀರು ಈಗ ದಿನಾ ಇಲ್ಲವಂತೆ. ನಾಯಿಯನ್ನು ಮಾತ್ರ ಕಟ್ಟಿ ಹಾಕುತ್ತಾರೆ. ಪದ್ದು ನಿನ್ನೆ ತಾನೇ ಮಗಳ ಬೂಟು ತೊಳೆದು ಬಿಸಿಲಿಗಿಟ್ಟಳು. ಸರಸ ಪೇಟೆಯಲ್ಲಿ, "ಹರಕೆ ಅಲ್ದಿದ್ರೂ ಅಷ್ಟ್ ಓಡ್ತಾ ಅದ್? ಅಬ್ಬಬ್ಬ" ಎನ್ನುತ್ತಿದ್ದಳು. ಅಬ್ಬಬ್ಬ ಎಂದದ್ದು ದೇವರಿಗಲ್ಲ, ನಮ್ಮ ಹುಡುಗಿಗೆ. ನಾನು ಕೇಳದವಳ ಹಾಗೆ ಎರಡು ಸಲ ಆ ದಾರಿಯಲ್ಲೇ ಹೋದೆ.

ಪೂರ್ತಿ ದೂರ ಈಜಿದಳು. ನನಗೆ ಈಗ ವಾಂತಿ ಬರುವುದಿಲ್ಲ. ಪಂದ್ಯ ಮುಗಿದ ಮೇಲೂ ಆಯ್ತವಾರ ದೋಣಿ ಇರುತ್ತದಾ ಎಂದು ಬಚ್ಚನನ್ನು ಕೇಳಿಟ್ಟೆ. ಸುಮ್ಮನೆ ಕೇಳಿದ್ದು.

ಫೆಬ್ರವರಿ 9, ಭಾನುವಾರ, ರತ್ನಾಗಿರಿ ಕಡೆಯ ಲಾಡ್ಜು

ಇವತ್ತೇ ಬರೆಯಬೇಕು.

ಏಳು ಗಂಟೆಗೆ ಇನ್ನೂರು ಜನ ಒಟ್ಟಿಗೆ ನೀರಿಗೆ ಬಿದ್ದರು. ಎಲ್ಲರದೂ ಒಂದೇ ಬಣ್ಣದ ಟೊಪ್ಪಿ. ನಾನು ದಡದ ಹಗ್ಗ ಹಿಡಿದು ನಿಂತೆ. ಐವತ್ತು ನಿಮಿಷ. ಒಂದು ಗಂಟೆ. ಒಂದು ಗಂಟೆ ನಾಲ್ಕು ನಿಮಿಷಕ್ಕೆ ನಮ್ಮ ಹುಡುಗಿ ತನ್ನ ಕಾಲಲ್ಲೇ ಎದ್ದು ಬಂದಳು. ಇಲ್ಲಿಯೂ ಒಂದು ಟವರು, ಹಿಂದೆ ಒಂದು ಗುಡ್ಡೆ ಇತ್ತಂತೆ. ರಬ್ಬರ್ ದೋಣಿಯವನನ್ನು ನಾನು ಚೆನ್ನಾಗಿ ದುರುಗುಟ್ಟಿ ನೋಡಿದೆ.

ಸೈಕಲ್ಲಿಗೆ ಪಂಕ್ಚರ್ ಆಗಿ ಇಪ್ಪತ್ತು ನಿಮಿಷ ಹೋಯಿತು. ಓಟಕ್ಕೆ ಇಳಿಯುವಾಗ ನೆತ್ತಿಯ ಮೇಲೆ ಬಿಸಿಲು. ಏಳು ಏಳು ಕಿಲೋಮೀಟರಿನ ಮೂರು ಸುತ್ತು. ಕೊನೆಯ ಸುತ್ತಿನಲ್ಲಿ, ಇನ್ನು ಎರಡು ಕಿಲೋಮೀಟರ್ ಎಂಬ ಹಲಗೆಯ ಹತ್ತಿರ ನಾನು ನಿಂತಿದ್ದೆ. ಮೂರೂವರೆಗೆ ಗಡುವು. ಮೂರು ಎಂಟಕ್ಕೆ ಕಾಣಿಸಿದಳು. ಓಡುತ್ತಿರಲಿಲ್ಲ. ಒಂದು ಮಗ್ಗುಲಿಗೆ ವಾಲಿ ನಡೆಯುತ್ತಿದ್ದಳು. ತುಟಿಯ ಮೇಲೆ ಉಪ್ಪು ಒಣಗಿತ್ತು. ಕಣ್ಣು ತೆರೆದಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

ನನ್ನ ಎರಡು ಕೈ ತಾವಾಗಿಯೇ ಕೂಡಿಕೊಂಡವು. ಇದನ್ನೊಂದು ಮುಗಿಸಿಕೊಡು ತಂದೆ, ನಿನಗೆ ಇಂಥದ್ದು ಮಾಡಿಸುತ್ತೇನೆ ಎಂಬ ಮಾತು ಗಂಟಲು ದಾಟಿ ನಾಲಗೆಯವರೆಗೆ ಬಂತು. ನಿಜವಾದ ಹರಕೆ, ಹೆಸರು ಸಮೇತ. ಎಪ್ಪತ್ತೊಂದು ವರ್ಷದ ಅಭ್ಯಾಸ.

ನುಂಗಿದೆ. ಕೈ ಬಿಡಿಸಿಕೊಂಡು, ಇದ್ದ ಉಸಿರೆಲ್ಲ ಸೇರಿಸಿ ಕೂಗಿದೆ.

"ನಿಶ್ಮೀ! ನಿಂಗ್ ಬೇಕಾ?"

ತಲೆ ಎತ್ತಿದಳು.

"ಕೇಣ್ಲಿಲ್ಯಾ? ನಿಂಗ್ ಬೇಕಾ ಬ್ಯಾಡ್ದಾ?"

"ಬೇಕ್!" ಅತ್ತ ಹಾಗೆ, ಬೈದ ಹಾಗೆ.

"ಹಂಗಾರೆ ಓಡ್!"

ಓಡಿದಳು. ಮೊದಲು ಕುಂಟಿ, ಆಮೇಲೆ ನೆಟ್ಟಗೆ. ನನ್ನ ಮಂಡಿಗೆ ಸಾಧ್ಯವಾದಷ್ಟು ಬೇಗ ನಾನೂ ಅಡ್ಡದಾರಿಯಲ್ಲಿ ಮುಗಿಯುವ ಗೆರೆಯ ಕಡೆ ಹೋದೆ. ನಾನು ಮುಟ್ಟುವಾಗ ಅವಳು ಮುಗಿಸಿ ನೆಲದಲ್ಲಿ ಕುಳಿತಿದ್ದಳು. ಗಡಿಯಾರದ ಹಲಗೆಯಲ್ಲಿ ಅವಳ ಹೆಸರಿನ ಮುಂದೆ ಮೂರು ಇಪ್ಪತ್ತೊಂದು ಎಂದು ಬಿದ್ದಿತ್ತು. ಕೊರಳಲ್ಲಿದ್ದ ಪದಕವನ್ನು ತೆಗೆದು ನನಗೆ ಹಾಕಲು ಬಂದಳು.

"ನಿಂದ್ ನೀನೇ ಹಾಯ್ಕ" ಎಂದೆ. "ನಾನೆಂತ ಓಡಿದ್ನಾ?"

ಫೆಬ್ರವರಿ 10, ಸೋಮವಾರ, ರೈಲಿನಲ್ಲಿ

ಹುಡುಗಿ ಹತ್ತಿದ ಕೂಡಲೇ ಎದುರು ಸೀಟಿಗೆ ಕಾಲು ಚಾಚಿ ಮಲಗಿದಳು. ಅಂಗಾಲು ತುಂಬ ಬೊಕ್ಕೆ, ಎರಡು ಉಗುರು ಕಪ್ಪು. ಪಕ್ಕದಲ್ಲಿದ್ದ ಭಟ್ಕಳದ ಹೆಂಗಸು ಆ ಕಾಲುಗಳನ್ನೇ ನೋಡುತ್ತಿದ್ದವಳು ಕಾರವಾರ ದಾಟಿದ ಮೇಲೆ ಭಕ್ತಿಯಿಂದ ಕೇಳಿದಳು. "ಯಾವ್ ಕ್ಷೇತ್ರಕ್ ನಡ್ದದ್ದಮ್ಮ? ಹರಕೆಯಾ?"

"ಅಲ್ಲ" ಎಂದೆ.

"ಮತ್ತೆ?"

ಕಾಲು ಮಡಚಿ ಕುಳಿತು ಮೊದಲಿನಿಂದ ಹೇಳಿದೆ. ಬ್ರಹ್ಮಾವರದ ಕೊಳ, ಬಚ್ಚನ ಮರ ಮತ್ತು ಗುಡ್ಡೆ, ನನ್ನ ಸುಳ್ಳು, ನನ್ನ ವಾಂತಿ, ಯಾವುದನ್ನೂ ಬಿಡಲಿಲ್ಲ. ಅವಳು ತಂದಿದ್ದ ಅವಲಕ್ಕಿ ಕೊಟ್ಟಳು. ತಿನ್ನುತ್ತ ಹೇಳಿದೆ. ಭಟ್ಕಳ ಬಂದುಬಿಟ್ಟಿತು. ನಾನು ಇನ್ನೂ ಪಂಕ್ಚರ್ ಆದ ಸೈಕಲ್ಲಿನಲ್ಲೇ ಇದ್ದೆ.

ಅವಳು ಚೀಲ ಎತ್ತಿಕೊಂಡಳು. ನಾನೂ ಅವಳ ಹಿಂದೆಯೇ ಬಾಗಿಲವರೆಗೆ ಹೋದೆ, ಓಟದ ಮೊದಲ ಎರಡು ಸುತ್ತನ್ನು ದಾರಿಯಲ್ಲೇ ಹೇಳಿದೆ. ಇಳಿದಳು. ರೈಲು ಅಲುಗಾಡಿತು. ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ಹೆಜ್ಜೆ ರೈಲಿನ ಜೊತೆ ಬಂದು ಕೂಗಿದಳು, "ಕಡೀಗ್ ಮುಗಿಸಿದ್ಲಾ, ಇಲ್ವಾ? ಹೇಳಿ!"

ಬಾಗಿಲ ಕಂಬಿ ಹಿಡಿದು ಹೊರಗೆ ಬಗ್ಗಿದೆ.

"ಗಡುವಿಗ್ ಒಂಬತ್ ನಿಮಿಷ ಬಾಕಿ ಇಪ್ಪುವಾಗ್ಳೇ!"

ಬೋಗಿಯಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.